ಮಚ್ಚೆಯಿಲ್ಲದ ಎಲೆ

ಹತ್ತೊಂಬತ್ತು ಮೆಟ್ಟಿಲು ಹತ್ತಿ ತಾರಸಿಗೆ ಬಂದ ಲೂಕಪ್ಪ ಕೈಯಲ್ಲಿದ್ದ ತರಕಾರಿ ಚಾಕುವನ್ನು ನೀರಿನ ಟ್ಯಾಂಕಿನ ಕಟ್ಟೆಯ ಮೇಲಿಟ್ಟು, ಕುಂಬಳದ ಬಳ್ಳಿಯ ಕಡೆ ನೋಡದೆ ಮೊದಲು ಆಕಾಶ ನೋಡಿದ. ಆರೂ ಕಾಲು. ಜಾಲಹಳ್ಳಿಯ ಮೇಲೆ ಫೆಬ್ರವರಿಯ ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಎದುರು ಮನೆಯವರ ಒಗೆದ ಬಟ್ಟೆಗಳು ರಾತ್ರಿಯಿಡೀ ಹೊರಗಿದ್ದು ಮತ್ತೆ ಒದ್ದೆಯಾಗಿದ್ದವು. ಹತ್ತು ಗಂಟೆಗೆ ಗಜಾಲಾ ಬರುತ್ತಾಳೆ. ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ವಾರಕ್ಕೆ ಮೂರು ದಿನ ಬಂದು ಅವನ ಹೆಂಡತಿ ಎಸ್ತೇರಮ್ಮನ ಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ಹುಡುಗಿ. ಮೊನ್ನೆ ಹೊರಡುವಾಗ ಅವಳು, "ಗುರುವಾರ ಮೆಟ್ಲು ಹತ್ಸೋಣ ಆಂಟಿ, ನಿಮ್ ಗಾರ್ಡನ್ ನೋಡ್ಕೊಂಡೇ ಬರೋಣ" ಎಂದಿದ್ದಳು. ಎಸ್ತೇರಮ್ಮ ಆರು ತಿಂಗಳ ಮೇಲೆ ಬಾಯಿ ತುಂಬ ನಕ್ಕಿದ್ದಳು. ಹೆಂಡತಿ ನಕ್ಕಿದ್ದಕ್ಕೆ ಹೆದರಿದ ಗಂಡ ಈ ಬೀದಿಯಲ್ಲಿ ತಾನೊಬ್ಬನೇ ಇರಬೇಕು ಎಂದು ಲೂಕಪ್ಪನಿಗೆ ಅನ್ನಿಸಿತ್ತು. ಇವತ್ತೇ ಗುರುವಾರ. ಎಸ್ತೇರಮ್ಮ ಮೇಲೆ ಬಂದರೆ ಎಲ್ಲ ಮುಗಿಯಿತು. ಅವಳ ಅವ್ವನ ಕುಂಬಳದ ಎಲೆಯ ಮೇಲೆ ಸುಣ್ಣದ ನೀರು ಚಿಮುಕಿಸಿದ ಹಾಗೆ ಬಿಳಿ ಮಚ್ಚೆಗಳಿರುತ್ತಿದ್ದವು. ಈ ಬಳ್ಳಿಯ ಎಲೆ ಬರೀ ಹಸಿರು, ಹುಡುಕಿದರೂ ಒಂದು ಮಚ್ಚೆಯಿಲ್ಲ. ಬುಡ ಕತ್ತರಿಸಿ ಇಲಿ ಕಡಿದು ಹಾಕಿತು ಎನ್ನಬಹುದು. ಎರಡು ನಿಮಿಷದ ಕೆಲಸ.

ಆಗಸ್ಟಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಎಸ್ತೇರಮ್ಮ ಸ್ಟ್ರೆಚರಿನ ಮೇಲೆ ಮಲಗಿ ಆಡಿದ ಮೊದಲ ಮಾತು ನೋವಿನದಲ್ಲ. "ರೀ, ತಾರ್ಸೀಲಿ ಮಳೆ ನೀರು ನಿಲ್ಲೋಕೆ ಬಿಡ್ಬೇಡಿ. ಬೇರೆ ಏನ್ ಹಾಳಾದ್ರೂ ಪರ್ವಾಗಿಲ್ಲ, ಕುಂಬಳ ಒಂದು ಉಳಿಸ್ಕೊಡಿ, ಅದು ಅವ್ವನ ಬೀಜ." ಗುಬ್ಬಿಯ ಹತ್ತಿರದ ಹಳ್ಳಿಯಿಂದ ಅವಳ ಅವ್ವ ಸೆರಗಿನ ತುದಿಗೆ ಕಟ್ಟಿಕೊಂಡು ತಂದ ಬೀಜ, ಮೂವತ್ತೊಂದು ವರ್ಷದಿಂದ ಬೀಜದಿಂದ ಕಾಯಿ, ಕಾಯಿಯಿಂದ ಬೀಜ ಎಂದು ಈ ಮನೆಯಲ್ಲಿ ನಡೆದುಬಂದಿತ್ತು. ಲೂಕಪ್ಪ "ಆಯ್ತು" ಎಂದಿದ್ದ. ಆದರೆ ಆಸ್ಪತ್ರೆಯಿಂದ ಬಂದವನು, ಆಮೇಲೆ ಅವಳನ್ನು ಮನೆಗೆ ಕರೆತಂದ ಮೇಲೂ, ತಾರಸಿಗೆ ಹತ್ತಿ ಮೆಟ್ಟಿಲಿನ ಮಾಡಿನ ಕೆಳಗೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದ. ಕೆಳಗೆ ಅವಳಿಗೆ ಬೆಡ್‌ಪ್ಯಾನ್ ಇಡಬೇಕು, ಮಗ್ಗುಲು ತಿರುಗಿಸಬೇಕು, ನೋವಿನ ಮಾತ್ರೆಗೆ ಗಂಟೆ ನೋಡಬೇಕು. ಇಲ್ಲಿ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಗಿಡಗಳು ಕೇಳುತ್ತಿದ್ದವು, ಅದಕ್ಕೇ ಅವುಗಳಿಗೆ ಬೆನ್ನು ಹಾಕಿ ಕೂತು, ಯಲಹಂಕದ ಕಡೆ ಮೋಡದೊಳಗೆ ತೂರಿ ಹೋಗುವ ವಿಮಾನ ನೋಡುತ್ತಿದ್ದ. ನೀರು ಹೋಗುವ ಕೊಳವೆಯ ಬಾಯಿಗೆ ಎಲೆ ಕಟ್ಟಿಕೊಂಡದ್ದು ಅವನ ಕಣ್ಣಿಗೆ ಬಿದ್ದಿತ್ತು. ನಾಲ್ಕು ಹೆಜ್ಜೆ ನಡೆದು ಬಗ್ಗಿ ಎಳೆದರೆ ಆಯಿತು. ನಾಳೆ ಎಂದುಕೊಂಡ. ಗಿಡ ನೆಟ್ಟ ಮಣ್ಣಿನ ಚೀಲಗಳ ಸುತ್ತ ನೀರು ನಿಂತಿತು, ಒಂದು ವಾರ, ಮೂರು ವಾರ. "ಹೆಂಗಿದೆ?" ಎಂದು ಅವಳು ಕೇಳಿದಾಗಲೆಲ್ಲ "ಚೆನ್ನಾಗಿದೆ" ಎಂದ. ಅಕ್ಟೋಬರಿನಲ್ಲಿ ಬಳ್ಳಿ ಕಂದು ಲೋಳೆಯಾಗಿ ಕೈಗೆ ಅಂಟುತ್ತಿದ್ದಾಗಲೂ, "ಎರಡು ಕಾಯಿ ಬಿಟ್ಟಿದೆ, ಒಂದು ದೊಡ್ಡದಾಗ್ತಿದೆ" ಎಂದ. ಎರಡು ಎಂದು ಯಾಕೆ ಹೇಳಿದನೋ ಅವನಿಗೇ ಗೊತ್ತಿಲ್ಲ. ಸುಳ್ಳಿಗೆ ಒಂದು ಕಾಯಿ ಸಾಕಾಗಿತ್ತು.

ನವೆಂಬರಿನಲ್ಲಿ ಅವರ ಚರ್ಚಿನ ಸಭೆಯ ಸುಗ್ಗಿ ಹಬ್ಬ. ತಾವು ಬೆಳೆದದ್ದನ್ನು ಎಲ್ಲರೂ ತಂದು ಪೀಠದ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಮಣ್ಣು ಕಂಡು ಎಷ್ಟೋ ಕಾಲವಾದ ಬಾಡಿಗೆ ಮನೆಯವರು ಅಂಗಡಿಯ ಕ್ಯಾರೆಟ್ಟು, ಕೋಸು ತಂದಿಡುತ್ತಾರೆ, ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ಲೂಕಪ್ಪನೂ ಹಾಗೇ ಒಂದು ಕಾಯಿ ಕೊಂಡು, ಈ ಸಲ ಅಂಗಡಿಯದು ಎಂದು ಹೇಳಿ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಬ್ಬದ ಹಿಂದಿನ ದಿನ ಎಸ್ತೇರಮ್ಮ ಹಾಸಿಗೆಯಿಂದಲೇ "ಕಾಯಿ ಕೆಳಗೆ ತನ್ನಿ, ಒಂದ್ಸಲ ಮುಟ್ತೀನಿ" ಎಂದಳು. ಅವನು ಟಿ. ದಾಸರಹಳ್ಳಿಗೆ ಹೋದ. ರಸ್ತೆ ಬದಿಯಲ್ಲಿ ತರಕಾರಿ ಮಾರುವ ಮುನಿಯಲ್ಲಮ್ಮ ಕುಂಬಳಗಳ ರಾಶಿಯ ಹಿಂದೆ ಕೂತಿದ್ದಳು. ಯಲಹಂಕದ ಹತ್ತಿರದ ಕೋಗಿಲು ಊರಿನವಳು; ಹೊಲ ಲೇಔಟ್ ಆದ ಮೇಲೆ ತಾನು ಬೆಳೆಯುತ್ತಿದ್ದುದನ್ನೇ ಕೊಂಡು ಮಾರುವವಳು. "ಯಾತಕ್ಕಪ್ಪ, ಆಯುಧ ಪೂಜೆ ಮುಗೀತಲ್ಲ?" ಎಂದಳು. "ಮನೆಗೆ." "ಇಬ್ರೇ ಇದ್ದೀವಿ ಅಂತೀಯ, ಇಷ್ಟು ದಪ್ಪನಾದು ಎಂಗೆ ತಿಂತೀರ?" ಅವನು ದುಡ್ಡು ಕೊಟ್ಟು ಎತ್ತಿಕೊಂಡ. ಮನೆ ಮುಟ್ಟುವ ಮೊದಲೇ ಕಾಯಿಯ ಮೇಲೆ ಮಂಡಿಯವರು ನೀಲಿ ಬಣ್ಣದಲ್ಲಿ ಬರೆದ ಏಳು ಕಂಡಿತು. ತಾರಸಿಯ ನಲ್ಲಿಯ ಕೆಳಗೆ ಕೂತು ತೆಂಗಿನ ನಾರು, ಹುಣಸೆಹಣ್ಣು ಹಾಕಿ ಉಜ್ಜಿದ. ಇಪ್ಪತ್ತೆಂಟು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡಿದ ಕಣ್ಣು. ಕೂದಲಿಗಿಂತ ಸಣ್ಣ ಗೀರು ಕಂಡರೂ ಬಿಡಿಭಾಗವನ್ನು ತಿರಸ್ಕೃತ ಮಾಲಿನ ಕೆಂಪು ಡಬ್ಬಿಗೆ ಹಾಕಿದ ಕೈ. ಏಳರ ಬಾಲ ಹೋಗಲಿಲ್ಲ. ಆ ಮಗ್ಗುಲು ಕೆಳಗೆ ಮಾಡಿ ಅವಳ ಮಡಿಲಲ್ಲಿ ಇಟ್ಟ. ಅವಳು ಎರಡೂ ಕೈಯಲ್ಲಿ ತಬ್ಬಿಕೊಂಡು, "ಸ್ತೋತ್ರ ಕರ್ತನೇ" ಎಂದು ಅತ್ತಳು. ಲೂಕಪ್ಪ ಕೆಮ್ಮುತ್ತ ಅಡುಗೆಮನೆಗೆ ಹೋದ.

ಮಾರನೆಯ ದಿನ ಗಾಲಿಕುರ್ಚಿಯಲ್ಲಿ ಬಂದ ಅವಳನ್ನು ಕಂಡು ಸಭೆಯ ಪಾದ್ರಿ ಅಯ್ಯನವರು ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು ಕರೆದರು. ಅವಳು ಮೈಕು ಹಿಡಿದು, "ನಾನು ಹಾಸಿಗೆ ಹಿಡಿದಿದ್ದೆ. ನಮ್ಮನೆಯವರಿಗೆ ಗಿಡ ಅಂದ್ರೆ ಏನೂ ಗೊತ್ತಿಲ್ಲ. ಆದ್ರೂ ದಿನಾ ಹತ್ತಿ ಇಳಿದು ಇದನ್ನ ಬೆಳೆಸಿದ್ರು" ಎಂದಳು. ಇಡೀ ಸಭೆ ತಿರುಗಿ ಅವನನ್ನು ನೋಡಿತು. ಅಷ್ಟರಲ್ಲಿ ಅಯ್ಯನವರು ಕಾಯಿ ಎತ್ತಿ ಹಿಡಿದರು, ಏಳರ ಬಾಲ ಜನರ ಕಡೆಗೇ ಬಂತು. ಮುಂದಿನ ಸಾಲಿನ ಹೆಂಗಸೊಬ್ಬಳು ಕುತೂಹಲಕ್ಕೆ, "ಅದೇನಣ್ಣ ನೀಲಿ?" ಎಂದಳು. ಅವನ ಬಾಯಿಗೆ ಮಾತು ತಾನಾಗಿ ಬಂತು. "ಗುರುತು ಹಾಕಿದ್ದೆ. ದಿನಕ್ಕೆ ಎಷ್ಟು ಬೆಳೆಯುತ್ತೆ ಅಂತ ಅಳೆಯೋಕೆ." ಜನ ಮೆಚ್ಚಿ ನಕ್ಕರು. ಕಾರ್ಖಾನೆಯವರೆಂದರೆ ಹೀಗೆ ಎಂದು ಯಾರೋ ಹೇಳಿದರು. ಅಲ್ಲಿಯವರೆಗೆ ಅದು ಹೆಂಡತಿಗೆ ಹೇಳಿದ ಸುಳ್ಳಾಗಿತ್ತು, ಈಗ ಪೀಠದ ಮುಂದೆ ಹೇಳಿದ ಸುಳ್ಳಾಯಿತು. ನಲವತ್ತು ವರ್ಷದಿಂದ ಅದೇ ಬೆಂಚಿನಲ್ಲಿ ಅವಳ ಪಕ್ಕ ಕೂತು ಹಾಡಿಗೆ ಬಾಯಾಡಿಸುತ್ತ ಬಂದವನಿಗೆ, ದೇವರು ಇದ್ದಾನೆ ಎಂದು ನಿಜವಾಗಿ ಅನ್ನಿಸಿದ್ದು ಆ ನಿಮಿಷದಲ್ಲಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ, ಕೈ ಪಕ್ಕದಲ್ಲೇ ಕೆಂಪು ಡಬ್ಬಿ ಇಟ್ಟುಕೊಂಡ ದೇವರು. ಅಂಥವನನ್ನು ನಂಬುವುದು ಹೇಗೆ, ತಪ್ಪಿಸಿಕೊಳ್ಳಬಹುದು ಅಷ್ಟೆ.

ಕಾಯಿಯನ್ನು ಹರಾಜಿನಲ್ಲಿ ಹಿಡಿದವರು ಪದ್ಧತಿಯಂತೆ ಹೋಳು ಮಾಡಿ ಮನೆಮನೆಗೆ ಹಂಚಿದರು. ಒಂದು ಹೋಳು ಬೆಳೆಸಿದವರ ಮನೆಗೂ ಬರಬೇಕಲ್ಲ, ಬಂತು. ಎಸ್ತೇರಮ್ಮ ಹಾಸಿಗೆಯಲ್ಲೇ ಬೀಜ ಬಿಡಿಸಿ ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಕರ್ಚೀಫಿನಲ್ಲಿ ಕಟ್ಟಿ ಅವನ ಕೈಗೆ ಕೊಟ್ಟಳು. "ಅವ್ವನ ಬೀಜ, ಹುಷಾರು. ಈಗ್ಲೇ ಹಾಕ್ಬಿಡಿ." ಲೂಕಪ್ಪ ಕೊಳೆತ ಮಣ್ಣನ್ನೆಲ್ಲ ಸುರಿದು, ಹೊಸ ಮಣ್ಣು ತಂದು, ಕೊಳವೆಯ ಬಾಯಿಯ ಎಲೆಯನ್ನು ಕಡೆಗೂ ಎಳೆದು, ಮೂರು ಬೀಜ ಊರಿದ. ಬೀಜ ಮೊಳೆತರೆ ಸುಳ್ಳು ಮುಚ್ಚಿಹೋಗುತ್ತದೆ, ಅವಳು ಮೇಲೆ ಬರುವ ಹೊತ್ತಿಗೆ ಬಳ್ಳಿ ಇರುತ್ತದೆ. ಇದು ಅವನ ಲೆಕ್ಕಾಚಾರ. ಐದನೆಯ ದಿನ ಮಣ್ಣು ಸೀಳಿ ಎರಡು ದಪ್ಪ ಎಲೆ ಎದ್ದು ನಿಂತವು, ಒಂದರ ತುದಿಗೆ ಬೀಜದ ಸಿಪ್ಪೆ ಇನ್ನೂ ಟೋಪಿಯ ಹಾಗೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ಕೈ ಚಾಚಿದವನು ತಡೆದ. ಮಧ್ಯಾಹ್ನ ಬಂದು ನೋಡಿದರೆ ಸಿಪ್ಪೆ ಬಿದ್ದುಹೋಗಿತ್ತು. ಅದಕ್ಕೆ ಯಾಕೆ ಅಷ್ಟು ಖುಷಿಯಾಯಿತೋ, ಎರಡು ಸಲ ಮೇಲೆ ಹೋಗಿ ನೋಡಿದ. ಎರಡು ವಾರದ ಮೇಲೆ ಎಲೆಗಳು ಅಗಲವಾಗುತ್ತ ಬಂದಾಗ, ಹಳೆಯ ಫೋಟೋವೊಂದರಲ್ಲಿ ಎಸ್ತೇರಮ್ಮ ಬಳ್ಳಿಯ ಪಕ್ಕ ನಿಂತಿದ್ದು ನೆನಪಾಗಿ ತೆಗೆದು ನೋಡಿದ. ಎಲೆಯ ತುಂಬ ಬಿಳಿ ಮಚ್ಚೆ. ಮುಚ್ಚಲೆಂದು ಬೆಳೆಸಿದ ಬಳ್ಳಿ ದಿನಕ್ಕೊಂದು ಗೇಣು ಉದ್ದವಾಗಿ ತನ್ನ ಮೇಲೇ ದೂರು ಹೇಳಲು ಹೊರಟಿದೆ ಎಂದು ಆಗ ತಿಳಿಯಿತು. ಆದರೂ ನೀರು ಹಾಕಿದ. ಮೊದಮೊದಲು ಬೇರೆ ದಾರಿ ಇಲ್ಲದೆ ಹಾಕಿದ, ಆಮೇಲೆ ಹಾಕದೆ ಇರಲಾಗದೆ ಹಾಕಿದ.

ಜನವರಿಯಲ್ಲಿ ಹೂ ಬಂದವು. ಎಲ್ಲವೂ ಉದ್ದ ತೊಟ್ಟಿನ ಗಂಡು ಹೂಗಳು, ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡಿ ಉದುರಿದವು. ಅವುಗಳನ್ನು ಎಣಿಸಿ ತಂದು ಒಂದು ಡಬ್ಬಿಗೆ ಹಾಕುತ್ತಿದ್ದ, ಹಳೆಯ ಚಾಳಿ. ಆಮೇಲೆ ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತ ಹೆಣ್ಣು ಹೂ ಒಂದು ಬಂತು. ಹಿಗ್ಗಿದ. ನಾಲ್ಕು ದಿನಕ್ಕೆ ಅದು ಹಳದಿಯಾಗಿ ಉದುರಿತು. ಮುನಿಯಲ್ಲಮ್ಮನ ಹತ್ತಿರ ಸೊಪ್ಪು ಕೊಳ್ಳುವ ನೆಪದಲ್ಲಿ ಕೇಳಿದ. "ಜೇನು ಬರಾಕಿಲ್ವಾ ನಿಮ್ ಕಡೆ? ಅಂಗಾದ್ರೆ ನೀನೇ ಗಂಡು ಹೂವ ಕಿತ್ತು ಹೆಣ್ಣಿಗೆ ಮುಟ್ಸಪ್ಪ. ಬೆಳಕು ಹರಿಯೋವಾಗ್ಲೇ ಮಾಡ್ಬೇಕು, ಬಿಸ್ಲು ಬಂದ್ಮೇಲೆ ಆಗಾಕಿಲ್ಲ" ಎಂದು ಹೇಳಿ, "ಆಗ ಒಯ್ದ ಕಾಯಿ ಎಂಗಿತ್ತು?" ಎಂದು ನಕ್ಕಳು. ಅವನು ಮಾಡಿದ. ಗಡಿಯಾರದ ಒಳಗಿನ ಕೂದಲಿನಂಥ ಸುರುಳಿಯನ್ನು ಚಿಮಟದಲ್ಲಿ ಹಿಡಿದ ಕೈ, ಇಂಥ ಕೆಲಸ ಅದಕ್ಕೆ ಯಾವ ಲೆಕ್ಕ. ಎರಡನೆಯ ಕಾಯಿಯೂ ಉದುರಿತು. ಮೂರನೆಯದಕ್ಕೆ ಇನ್ನೂ ಜೋಪಾನವಾಗಿ, ಉಸಿರು ಬಿಗಿಹಿಡಿದು ಮುಟ್ಟಿಸಿದ. ಅದೂ ಉದುರಿತು. ಉದುರಿದ ಕಾಯಿಯನ್ನು ಅಂಗೈಯಲ್ಲಿ ಹಿಡಿದು ನಿಂತಾಗ ಅವನಿಗೆ ಅಳು ಬಂದುಬಿಟ್ಟಿತು. ಅವ್ವನ ಬೀಜ ಕೊಳೆತಾಗ ಬಾರದ ಅಳು, ಸ್ಟ್ರೆಚರಿನ ಮೇಲೆ ಅವಳನ್ನು ಒಳಗೆ ಒಯ್ದಾಗ ಬಾರದ ಅಳು, ಗೋಲಿಯಷ್ಟು ಹಳದಿ ಕಾಯಿಗೆ ಬಂತು.

ನಾಲ್ಕನೆಯ ಹೂ ಅರಳುವ ದಿನ ಅವನಿಗೆ ಗೊತ್ತಿತ್ತು. ಹಿಂದಿನ ಸಂಜೆಯೇ ಮೊಗ್ಗಿನ ತುದಿ ಹಳದಿಯಾಗಿತ್ತು. ಆದರೆ ಆ ಬೆಳಗ್ಗೆ ಎಸ್ತೇರಮ್ಮನಿಗೆ ಹೊಟ್ಟೆ ಕೆಟ್ಟು, ಹಾಸಿಗೆ ಬದಲಿಸಿ, ಮೈ ಒರೆಸಿ, ಬಿಸಿನೀರು ಕಾಯಿಸಿ ಕೊಡುವ ಹೊತ್ತಿಗೆ ಎಂಟೂವರೆಯಾಯಿತು. ಅವಳು ನಾಚಿಕೆಯಿಂದ ಮುಖ ಗೋಡೆಗೆ ತಿರುಗಿಸಿ, "ನಿಮ್ಗೆ ಎಷ್ಟು ಕಷ್ಟ ಕೊಡ್ತೀನಿ" ಎಂದಳು. "ಸುಮ್ನಿರೇ" ಎಂದ. ಮೇಲೆ ಓಡಿ ಬಂದಾಗ ಹೂ ಆಗಲೇ ಮುದುಡಲು ಶುರುವಾಗಿತ್ತು. ಇದೂ ಹೋಯಿತು ಎಂದು ಬಗ್ಗಿ ನೋಡಿದರೆ, ಒಳಗೆ ಒಂದು ಜೇನುಹುಳು. ಮೈಯೆಲ್ಲ ಹಳದಿ ಪುಡಿ, ಕಾಲುಗಳು ಪುಡಿಯಿಂದ ದಪ್ಪಗಾಗಿ ನಡೆಯಲೂ ಆಗದಂತೆ ತಡವರಿಸುತ್ತಿತ್ತು. ಸುತ್ತ ಎಲ್ಲಿ ನೋಡಿದರೂ ಸಿಮೆಂಟು, ನೀರಿನ ಟ್ಯಾಂಕುಗಳು, ಡಿಶ್ ಆಂಟೆನಾಗಳು, ದೂರದಲ್ಲಿ ಪೀಣ್ಯದ ಚಿಮಣಿಗಳು. ಇದು ಎಲ್ಲಿಂದ ಬಂತು, ಇಲ್ಲೊಂದು ಹೂವಿದೆ ಎಂದು ಇದಕ್ಕೆ ಯಾರು ಹೇಳಿದರು. ಹುಳು ಹೊರಗೆ ತೆವಳಿ ಹೂವಿನ ಅಂಚಿನಲ್ಲಿ ನಿಂತು, ರೆಕ್ಕೆ ಒದರಿ, ಹಾರಿಹೋಯಿತು. ಲೂಕಪ್ಪ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಆ ಕಾಯಿ ನಿಲ್ಲುತ್ತದೆ ಎಂಬುದರಲ್ಲಿ ಅವನಿಗೆ ಅನುಮಾನವೇ ಬರಲಿಲ್ಲ, ಅದೇ ಅವನಿಗೆ ಆಶ್ಚರ್ಯ. ತಾನು ಕೆಳಗೆ ಹೆಂಡತಿಯ ಹಾಸಿಗೆ ಬದಲಿಸುತ್ತಿದ್ದಾಗ, ತಾನು ಇಲ್ಲದಾಗ, ತನ್ನನ್ನು ಒಂದು ಮಾತು ಕೇಳದೆ ಇಲ್ಲಿ ಕೆಲಸ ನಡೆದುಹೋಗಿತ್ತು. ತನ್ನ ಮೋಸದ ಬಳ್ಳಿ ಎಂದು ಜೇನು ಹೂವನ್ನು ಬಿಟ್ಟು ಹೋಗಿರಲಿಲ್ಲ. ಯಾರೋ ತನ್ನನ್ನು ನೋಡುತ್ತಿದ್ದಾರೆ ಎಂದು ಸುಗ್ಗಿ ಹಬ್ಬದ ದಿನ ಅನ್ನಿಸಿದಂತೆಯೇ ಈಗಲೂ ಅನ್ನಿಸಿತು, ಆದರೆ ಆ ಕಣ್ಣಿಗೆ ಭೂತಗನ್ನಡಿ ಇರಲಿಲ್ಲ. ಗೀರು ಹುಡುಕುವ ನೋಟವಲ್ಲ ಅದು. ಮೊಳೆತ ಗಿಡವನ್ನು ತಾನು ಮೇಲೆ ಹತ್ತಿ ಹತ್ತಿ ಬಂದು ನೋಡುತ್ತಿದ್ದನಲ್ಲ, ಹಾಗೆ ನೋಡುವುದು. ಅವನು ಏನನ್ನೂ ಕೇಳಿಕೊಳ್ಳಲಿಲ್ಲ. ಬಿಸಿಲು ಕುತ್ತಿಗೆಗೆ ತಾಗುವವರೆಗೆ ಕೂತಿದ್ದು ಕೆಳಗೆ ಹೋಗಿ ಗಂಜಿ ಇಟ್ಟ.

ಅದು ಹದಿನೆಂಟು ದಿನದ ಹಿಂದಿನ ಮಾತು. ಈಗ ಕಾಯಿ ಎರಡು ಬೊಗಸೆಯಷ್ಟಾಗಿ, ಟ್ಯಾಂಕಿನ ಕಟ್ಟೆಯ ಪಕ್ಕ ಎಲೆಯ ಮರೆಯಲ್ಲಿ ಒದ್ದೆಯಾಗಿ ಕೂತಿದೆ. ಲೂಕಪ್ಪ ಚಾಕು ತೆಗೆದುಕೊಂಡು ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಬಳ್ಳಿಯ ದಂಟಿನ ಸಣ್ಣ ಮುಳ್ಳುಗೂದಲು ಬೆರಳಿಗೆ ತಾಗಿತು. ಅವ್ವನ ಬೀಜವನ್ನು ಕೊಂದದ್ದು ನಾಲ್ಕು ಹೆಜ್ಜೆ ನಡೆಯದೆ ಕೂತದ್ದರಿಂದ. ಇದನ್ನು ಕೊಲ್ಲುವುದಾದರೆ ಕೈಯಾರೆ. ಮೊದಲನೆಯದಕ್ಕೆ ಸುಸ್ತು, ದುಃಖ ಎಂದು ಏನಾದರೂ ಹೆಸರಿಡಬಹುದು, ಇದಕ್ಕೆ ಹೆಸರು ಹುಡುಕುವ ಕಷ್ಟವೂ ಇಲ್ಲ. ತನಗೆ ಬಂದದ್ದು ಇದು. ಕೇಳದೆ ಬಂದದ್ದು. ಅದು ಬಂದ ಕಡೆಗೆ ಮುಖ ಎತ್ತಿ ನಿಲ್ಲಬೇಕಾದರೆ ಕೆಳಗೆ ಹಾಸಿಗೆಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿರುವವಳಿಗೂ ಮುಖ ತೋರಿಸಬೇಕು. ಅವಳು ಕ್ಷಮಿಸುತ್ತಾಳೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಎದ್ದು, ಚಾಕುವನ್ನು ಮತ್ತೆ ಕಟ್ಟೆಯ ಮೇಲಿಟ್ಟು, ಚೊಂಬಿನಲ್ಲಿ ನೀರು ಹಿಡಿದು ಬಳ್ಳಿಯ ಬುಡಕ್ಕೆ ಹಾಕಿದ.

ಗಜಾಲಾ ಹತ್ತಕ್ಕೆ ಐದು ನಿಮಿಷ ಮುಂಚೆಯೇ ಬಂದಳು. ಎಸ್ತೇರಮ್ಮ ಹಸಿರು ಸೀರೆ ಉಟ್ಟಿದ್ದಳು, ಆರು ತಿಂಗಳ ನೈಟಿಯ ನಂತರ ಮೊದಲ ಸೀರೆ. "ಏನ್ ಆಂಟಿ, ಮದ್ವೆಗೆ ಹೊರಟ್ರಾ?" ಎಂದು ಗಜಾಲಾ ರೇಗಿಸಿದಳು. "ಒಳ್ಳೆ ಕಾಲು ಮೊದ್ಲು ಮೇಲೆ. ಅಂಕಲ್, ನೀವು ಮುಂದೆ ಇರಿ, ನಾನ್ ಹಿಂದೆ ಇರ್ತೀನಿ." ಒಂದು ಮೆಟ್ಟಿಲು, ಎರಡು. ಎಸ್ತೇರಮ್ಮನ ಎಡಗೈ ಕಂಬಿಯ ಮೇಲೆ, ಬಲಗೈ ಅವನ ಕೈಯಲ್ಲಿ. ಪ್ರತಿ ಮೆಟ್ಟಿಲಿಗೂ ಅವಳ ಭಾರ ಪೂರ್ತಿಯಾಗಿ ತನ್ನ ಮೇಲೆ ಬೀಳುವುದು, ಅವಳು ಸ್ವಲ್ಪವೂ ಅನುಮಾನಿಸದೆ ಬೀಳುವುದು ಅವನಿಗೆ ತಡೆಯಲಾಗಲಿಲ್ಲ. ಹನ್ನೊಂದನೆಯ ಮೆಟ್ಟಿಲಿನ ಹತ್ತಿರ ಮೆಟ್ಟಿಲು ತಿರುಗುವಲ್ಲಿ ಉಸಿರು ತೆಗೆದುಕೊಳ್ಳಲು ನಿಂತರು.

"ಎಸ್ತೇರ್, ಒಂದ್ ಮಾತು," ಎಂದ. "ಸುಗ್ಗಿ ಹಬ್ಬಕ್ಕೆ ಇಟ್ಟ ಕಾಯಿ ನಾನು ಬೆಳೆಸಿದ್ದಲ್ಲ. ದಾಸರಹಳ್ಳೀಲಿ ಕೊಂಡಿದ್ದು. ನಿನ್ ಬಳ್ಳಿ ಅಕ್ಟೋಬರ್‌ನಲ್ಲೇ ಕೊಳೆತ್ಹೋಯ್ತು. ನೀರು ನಿಂತಿತ್ತು. ನಾನು ನೋಡ್ತಾ ಕೂತಿದ್ದೆ."

ಗಜಾಲಾ ಗೋಡೆಯ ಕಡೆ ಮುಖ ತಿರುಗಿಸಿದಳು. ಕೆಳಗೆ ಬೀದಿಯಲ್ಲಿ ಪ್ಲಾಸ್ಟಿಕ್ ಕೊಡ ಮಾರುವವನ ಧ್ವನಿವರ್ಧಕ ಹಾದುಹೋಯಿತು.

"ಅವ್ವನ ಬೀಜ?" ಎಂದಳು ಎಸ್ತೇರಮ್ಮ.

"ಇಲ್ಲ."

"ಒಂದೂ?"

"ಒಂದೂ ಇಲ್ಲ."

ಅವಳು ಅವನ ಕೈ ಬಿಟ್ಟಳು. ಎರಡೂ ಕೈಯಲ್ಲಿ ಕಂಬಿ ಹಿಡಿದು, "ಇನ್ನೆಷ್ಟು ಮೆಟ್ಲಮ್ಮ?" ಎಂದು ಗಜಾಲಾಳನ್ನು ಕೇಳಿದಳು. "ಎಂಟು ಆಂಟಿ. ಬೇಡ ಅಂದ್ರೆ ಇಳಿಯೋಣ." "ನಡಿ," ಎಂದಳು. ಆ ಎಂಟು ಮೆಟ್ಟಿಲನ್ನು ಲೂಕಪ್ಪ ಹಿಮ್ಮುಖವಾಗಿ ಹತ್ತಿದ, ಅವಳು ಬಿದ್ದರೆ ಹಿಡಿಯಲು ಕೈ ಚಾಚಿಕೊಂಡು, ಅವಳು ಹಿಡಿಯದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ.

ಮೇಲೆ ಕುರ್ಚಿಯಲ್ಲಿ ಕೂತವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತಳು. ಲೂಕಪ್ಪ ಪಕ್ಕದಲ್ಲೇ ನಿಂತಿದ್ದ. ಕೆಮ್ಮುತ್ತ ಎಲ್ಲಿಗೂ ಹೋಗಲಿಲ್ಲ. ಆಮೇಲೆ ಅವಳು ಮುಖ ಒರೆಸಿಕೊಂಡು ಕೈಗೆಟುಕಿದ ಎಲೆಯೊಂದನ್ನು ತಿರುಗಿಸಿ ನೋಡಿದಳು. "ಮಚ್ಚೆ ಇಲ್ಲ" ಎಂದಳು, ತನಗೇ ಎಂಬಂತೆ. ಕಟ್ಟೆಯ ಮೇಲಿನ ಚಾಕು ಕಂಡಿತು. "ಅದ್ಯಾಕಿಲ್ಲಿ?"

"ನೀನ್ ಬರೋ ಮುಂಚೆ ಇದನ್ನ ಕಡಿಯೋಕೆ ತಂದಿದ್ದೆ."

"ಕೊಡಿ ಇಲ್ಲಿ."

ಕೊಟ್ಟ. ಅವಳು ಬಳ್ಳಿಯನ್ನು ಎಳೆದುಕೊಂಡು ಒಂದೇ ಏಟಿಗೆ ಅದರ ತುದಿ ಕತ್ತರಿಸಿದಳು. ಲೂಕಪ್ಪ ಒಂದು ಹೆಜ್ಜೆ ಮುಂದಿಟ್ಟ. ಅವಳು ಇನ್ನೊಂದು ಕವಲಿಗೆ ಕೈ ಹಾಕುತ್ತ, "ಕುಡಿ ತೆಗೀದೆ ಹಿಂಗೆ ಬಿಟ್ರೆ ಬಳ್ಳಿ ಓಡ್ತಾನೇ ಇರುತ್ತೆ, ಕಾಯಿಗೆ ಸಾರ ಎಲ್ಲಿಂದ ಬರ್ಬೇಕು?" ಎಂದಳು. ಧ್ವನಿಯಲ್ಲಿ ಸಿಟ್ಟು ಹಾಗೇ ಇತ್ತು. ಕತ್ತರಿಸಿದ ಎಳೆ ಕುಡಿಗಳನ್ನು ಮಡಿಲಲ್ಲಿ ಒಟ್ಟುಮಾಡಿಕೊಂಡಳು. ಎಲೆ ಸರಿಸಿ ಕಾಯಿ ನೋಡಿದಳು. "ಇದೊಂದು ಹೆಂಗೆ ನಿಲ್ತು?"

"ಗೊತ್ತಿಲ್ಲ. ನಾನು ಮುಟ್ಸಿದ್ದೆಲ್ಲ ಉದುರಿಹೋಯ್ತು. ಆವತ್ತು ನಿನಗೆ ಹೊಟ್ಟೆ ಕೆಟ್ಟಿತ್ತಲ್ಲ, ಮೇಲೆ ಬರೋಕಾಗ್ಲಿಲ್ಲ. ಬಂದು ನೋಡಿದ್ರೆ ಜೇನು ಬಂದ್ಬಿಟ್ಟಿತ್ತು."

ಎಸ್ತೇರಮ್ಮ ಅವನ ಮುಖ ನೋಡಿದಳು, ಮೆಟ್ಟಿಲಿನ ಮೇಲೆ ಕೈ ಬಿಟ್ಟ ಮೇಲೆ ಮೊದಲ ಸಲ. "ಪ್ರಾರ್ಥನೆ ಮಾಡಿ" ಎಂದಳು.

ಮದುವೆಯಾದ ದಿನದಿಂದ ಆ ಮನೆಯಲ್ಲಿ ಬಾಯಿಬಿಟ್ಟು ಪ್ರಾರ್ಥನೆ ಮಾಡಿದವಳು ಅವಳು. ಅವನದು ತಲೆ ಬಗ್ಗಿಸಿ ಮುಗಿಯುವುದನ್ನು ಕಾಯುವ ಕೆಲಸ. "ನಾನಾ?" ಎಂದ.

"ನನಗೆ ಬಾಯಿ ಬರಲ್ಲ ಇವತ್ತು. ನಿಮ್ ಮೇಲೆ ಕೋಪ ಇದೆ. ನೀವೇ ಮಾಡಿ."

ಲೂಕಪ್ಪ ಕಣ್ಣು ಮುಚ್ಚಲು ಮರೆತ. ಕಾಯಿಯ ಕಡೆ ನೋಡುತ್ತಲೇ, "ಕರ್ತನೇ" ಎಂದ. ಕೈ ಮುಗಿದ. "ಕರ್ತನೇ, ಅದನ್ನ ಕೊಳೆಸಿದ್ದು ನಾನು. ಇದನ್ನ ಬೆಳೆಸಿದ್ದು ನೀನು. ಎರಡನ್ನೂ ನೀನು ನೋಡಿದೆ. ನೋಡಿನೂ ಜೇನು ಕಳಿಸ್ದೆ." ಹೆಂಡತಿಯ ಕಡೆ ತಿರುಗಿದ. "ಇವಳ ಕಾಲು ವಾಸಿ ಮಾಡು" ಎಂದು ಹೇಗೋ ಮುಗಿಸಿದ.

ಬಾಗಿಲ ಹತ್ತಿರ ದುಪಟ್ಟಾ ತಲೆ ಮೇಲೆ ಎಳೆದುಕೊಂಡಿದ್ದ ಗಜಾಲಾ ಮೆಲ್ಲಗೆ "ಆಮೀನ್" ಎಂದಳು. ಎಸ್ತೇರಮ್ಮ ಕುಡಿಗಳ ಮುಳ್ಳುಗೂದಲು ಉಜ್ಜಿ ತೆಗೆಯುತ್ತಿದ್ದಳು, ಒಂದಾದ ಮೇಲೆ ಒಂದು, ಅವಸರವಿಲ್ಲದೆ. ಲೂಕಪ್ಪ ಕಾದ. ಎಲ್ಲವನ್ನೂ ಉಜ್ಜಿ ಮುಗಿಸಿ, ಹಿಡಿ ಕಟ್ಟಿ ಅವನ ಕೈಗೆ ಕೊಟ್ಟಳು.

"ಆಮೇನ್," ಎಂದಳು. "ಭಾನುವಾರ ಸಭೇಲೂ ಹೇಳ್ಬೇಕು, ಅದೇ ಮೈಕ್‌ನಲ್ಲಿ. ಈಗ ಇದನ್ನ ಬೇಳೆ ಜೊತೆ ಬೇಯೋಕೆ ಇಡಿ. ಕಾಯಿ ಹಣ್ಣಾದ್ಮೇಲೆ ಬೀಜ ನಾನೇ ತೆಗೀತೀನಿ."